ಅಲಿ ಈಗಿದ್ದಿದ್ದರೆ ಎಷ್ಟು ದುಡಿಯುತ್ತಿದ್ದರು?

ಓದುಗರ ಪ್ರಶ್ನೆ, ಕ್ರೀಡಾ ವಿಭಾಗದ ಉತ್ತರ

2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಗರಡಿ ಮನೆ, ಜಾತ್ರೆ ಕುಸ್ತಿಗೆ ಹೆಸರಾದ ಈ ಸೀಮೆಯಿಂದ ಬರುವ ಕಾಗದಗಳಲ್ಲಿ ಈಗ ಬಾಕ್ಸಿಂಗಿಗೂ ಪಾಲು ಬಂದಿದೆ. ಈ ಸಂಚಿಕೆಗೆ ಆರಿಸಿಕೊಂಡವು ಬಹುಪಾಲು ಒಂದೇ ವಿಷಯಕ್ಕೆ ಸೇರಿದವು: ಹಳೆಯ ಹುಲಿಗಳು ಇವತ್ತಿನ ಮೊಬೈಲ್ ಕಾಲದ ಮಾರ್ಕೆಟ್‌ನಲ್ಲಿ ಏನಾಗುತ್ತಿದ್ದರು? ಒಂದೆರಡು ಕಾಗದಗಳು ಮನೆ ಬಾಗಿಲಿನ ಪ್ರಶ್ನೆಗಳು. ಅವಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರ: ಮಹಮ್ಮದ್ ಅಲಿ ಕೈಗೆ ಇನ್‌ಸ್ಟಾಗ್ರಾಂ, ಯೂಟ್ಯೂಬ್ ಸಿಕ್ಕಿದ್ದರೆ ಬರೀ ಮಾತಿನಲ್ಲೇ ಈಗಿನ ಕಾಲದ ಬಾಕ್ಸರ್ ಮೇವೆದರ್‌ಗಿಂತ ಹೆಚ್ಚು ದುಡಿಯುತ್ತಿದ್ದರಲ್ಲವೇ?
– ಬಿ.ಕಾಂ. ವಿದ್ಯಾರ್ಥಿ, ಬಳ್ಳಾರಿ

ಉ: ದುಡಿಯುತ್ತಿದ್ದರು, ಆದರೆ ಬರೀ ಮಾತಿನಿಂದಲ್ಲ. ನೀವು ಬಿ.ಕಾಂ., ಲೆಕ್ಕವನ್ನೇ ನೋಡಿ.

1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿ ಮತ್ತು ಜೋ ಫ್ರೇಜರ್ ಮೊದಲ ಸಲ ಎದುರಾದಾಗ ಇಬ್ಬರಿಗೂ ತಲಾ 25 ಲಕ್ಷ ಡಾಲರ್ ಖಾತ್ರಿ ಹಣ. ಇವತ್ತಿನ ಬೆಲೆಗೆ ತಂದರೆ ಸುಮಾರು 2 ಕೋಟಿ ಡಾಲರ್. ಅಮೆರಿಕದ ಮನೆ ಟಿವಿಗಳಲ್ಲಿ ಆ ಬೌಟ್ (ಪಂದ್ಯ) ಬರಲಿಲ್ಲ. ಥಿಯೇಟರ್, ಸಭಾಂಗಣಗಳಿಗೆ ಕ್ಲೋಸ್ಡ್ ಸರ್ಕ್ಯೂಟ್‌ನಲ್ಲಿ ಚಿತ್ರ ಕಳಿಸಿ ಟಿಕೆಟ್ ಮಾರಿದರು. ಬಾಕ್ಸರ್‌ಗಳದು ನಿಗದಿ ಮೊತ್ತ. ಎಷ್ಟು ಟಿಕೆಟ್ ಹೋದರೂ ಅದು ಏರುವುದಿಲ್ಲ. ಹೆಚ್ಚಿಗೆ ಬಂದದ್ದೆಲ್ಲ ಬೌಟ್ ಏರ್ಪಡಿಸುವ ಪ್ರಮೋಟರ್, ಊರೂರಿನ ಹಕ್ಕು ಕೊಂಡವರು, ಥಿಯೇಟರ್ ಮಾಲೀಕರ ನಡುವೆ ಹಂಚಿಹೋಯಿತು.

ಈಗ 2015ರ ಮೇ 2ಕ್ಕೆ ಬನ್ನಿ. ಮೇವೆದರ್–ಪ್ಯಾಕಿಯಾವ್ ಬೌಟ್ ಅಮೆರಿಕದಲ್ಲಿ 46 ಲಕ್ಷ ಮನೆಗಳಿಗೆ ಪೇ ಪರ್ ವ್ಯೂ (ಒಂದೊಂದು ಬೌಟಿಗೂ ಹಣ ಕಟ್ಟಿ ನೋಡುವ ಪ್ರಸಾರ) ಆಗಿ ಮಾರಾಟವಾಯಿತು. ಎಚ್‌ಡಿ ದರ 99.95 ಡಾಲರ್. ಸಭಾಂಗಣದ ಟಿಕೆಟ್ ಹಣವೇ 7.2 ಕೋಟಿ ಡಾಲರ್. ಮೇವೆದರ್ 2006ರಲ್ಲೇ ಟಾಪ್ ರ್‍ಯಾಂಕ್ ಕಂಪನಿಗೆ 7.5 ಲಕ್ಷ ಡಾಲರ್ ಕಟ್ಟಿ ಒಪ್ಪಂದದಿಂದ ಬಿಡಿಸಿಕೊಂಡು, ಆಮೇಲೆ ತಮ್ಮದೇ ಪ್ರಮೋಷನ್ ಕಂಪನಿ ಮಾಡಿಕೊಂಡಿದ್ದರು. ಖರ್ಚೂ ಅವರದೇ, ಮಿಕ್ಕಿದ್ದೂ ಅವರದೇ. ಆ ಒಂದೇ ರಾತ್ರಿ ಅವರಿಗೆ 20 ಕೋಟಿ ಡಾಲರ್ ದಾಟಿತು. ಅಲಿಗೂ ಅವರಿಗೂ ಇರುವ ಹತ್ತು ಪಟ್ಟು ಅಂತರ ಹುಟ್ಟಿದ್ದು ಈ ಒಪ್ಪಂದದ ಕಾಗದದಲ್ಲಿ.

ಮಾತಿನ ಬೆಲೆ ಅಲಿಗೆ ಗೊತ್ತಿರಲಿಲ್ಲವೆಂದಲ್ಲ. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಗಾರ್ಜಸ್ ಜಾರ್ಜ್ ಎಂಬ ಪ್ರದರ್ಶನ ಕುಸ್ತಿಪಟು ಬಡಾಯಿ ಕೊಚ್ಚಿ ಕೊಚ್ಚಿಯೇ ಹಾಲ್ ತುಂಬಿಸುವುದನ್ನು ಕಂಡರು. ಬೈಯಲು ಬರುವವನೂ ಟಿಕೆಟ್ ಕೊಂಡೇ ಬರುತ್ತಾನೆ ಎಂಬುದನ್ನು ಅಂದೇ ಹಿಡಿದುಕೊಂಡರು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಫೋರ್‌ಮನ್ ಜೊತೆಗಿನ ಬೌಟಿಗೆ ಇಬ್ಬರಿಗೂ ತಲಾ 50 ಲಕ್ಷ ಡಾಲರ್. ಅಮೆರಿಕದ ಥಿಯೇಟರ್‌ಗಳಿಗೆ ಹೊತ್ತು ಹೊಂದಿಸಲು ಅಲ್ಲಿ ಗಂಟೆ ಹೊಡೆದದ್ದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಮಾರುಕಟ್ಟೆಗೆ ತಕ್ಕಂತೆ ಗಡಿಯಾರ ತಿರುಗಿಸುವುದು ಆಗಲೂ ಇತ್ತು.

ಇವತ್ತು ಅವರಿಗೆ ತೊಡಕಾಗುತ್ತಿದ್ದದ್ದು ಬೇರೆ. 1967ರಲ್ಲಿ ಸೇನೆಗೆ ಸೇರಲು ಒಪ್ಪದೆ ಪಟ್ಟ ಕಳೆದುಕೊಂಡರು. 1970ರ ಅಕ್ಟೋಬರ್‌ವರೆಗೆ ರಿಂಗ್ ಇಲ್ಲ. ಈಗಿನ ಜಾಹೀರಾತು ಒಪ್ಪಂದಗಳಲ್ಲಿ ಕಂಪನಿಯ ಹೆಸರಿಗೆ ಧಕ್ಕೆ ತರುವ ನಡತೆ ಕಂಡರೆ ತಕ್ಷಣ ರದ್ದು ಎಂಬ ಷರತ್ತು ಇದ್ದೇ ಇರುತ್ತದೆ. ಆಗ ಮೊದಲು ಹೋದದ್ದು ಲೈಸೆನ್ಸ್. ಈಗಾದರೆ ವಾರದೊಳಗೆ ಪ್ರಾಯೋಜಕರೆಲ್ಲ ಜಾರಿಕೊಂಡಿರುತ್ತಿದ್ದರು. ಆ ಮೂರೂವರೆ ವರ್ಷ ಅಲಿ ಕಾಲೇಜುಗಳಲ್ಲಿ ಭಾಷಣ ಮಾಡಿ ದಿನ ದೂಡಿದರು. ಇವತ್ತು ಆ ಭಾಷಣಗಳೇ ಒಂದು ಚಾನೆಲ್ ಆಗಿ, ನಮ್ಮ ಅಂದಾಜಿನಲ್ಲಿ, ಕಳೆದುಕೊಂಡ ಜಾಹೀರಾತಿನ ಹಣವನ್ನು ತುಂಬಿಕೊಡುತ್ತಿದ್ದವು. ಅವರ ಹೆಸರಿಗಿದ್ದ ಬೆಲೆಗೆ ಗುರುತು ಬೇಕೇ? 1981ರಲ್ಲಿ ಕೊನೆಯ ಬೌಟ್ ಆಡಿದವರು, 2006ರಲ್ಲಿ ತಮ್ಮ ಹೆಸರು ಮತ್ತು ಚಿತ್ರದ ಹಕ್ಕಿನಲ್ಲಿ 80% ಮಾರಿದಾಗ ಬಂದದ್ದು 5 ಕೋಟಿ ಡಾಲರ್.

ಪ್ರ: ಟೈಸನ್–ಜೇಕ್ ಪಾಲ್ ಬೌಟ್ ಬರೀ ನಾಟಕವೇ? ನೋಡುವಾಗ ಚಿತ್ರ ಸುತ್ತುತ್ತಲೇ ನಿಂತಿತ್ತು.
– ಮೊಬೈಲ್ ಅಂಗಡಿಯವರು, ಕೊಪ್ಪಳ

ಉ: ಹಳೆಯ ಹೆವಿವೇಟ್ ಚಾಂಪಿಯನ್ ಟೈಸನ್ ಮತ್ತು ಯೂಟ್ಯೂಬ್ ತಾರೆ ಪಾಲ್ 2024ರಲ್ಲಿ ಎದುರಾದದ್ದು ಟೆಕ್ಸಸ್ ರಾಜ್ಯದ ಅಧಿಕಾರಿಗಳು ಅನುಮತಿ ಕೊಟ್ಟ, ದಾಖಲೆಗೆ ಸೇರಿದ ವೃತ್ತಿಪರ ಬೌಟ್‌ನಲ್ಲಿ. ಆದರೆ ನಿಯಮಗಳನ್ನು ಹೇಗೆ ಕತ್ತರಿಸಿದ್ದರು ನೋಡಿ. ಪುರುಷರ ವೃತ್ತಿಪರ ರೌಂಡ್ 3 ನಿಮಿಷದ್ದು. ಇಲ್ಲಿ 2 ನಿಮಿಷ, ಒಟ್ಟು 8 ರೌಂಡ್. ಹೆವಿವೇಟ್‌ಗೆ (ಅತಿ ಹೆಚ್ಚು ತೂಕದವರ ವರ್ಗ) ಸಾಮಾನ್ಯವಾಗಿ 10 ಔನ್ಸ್ ಗ್ಲೌಸ್, ಅಂದರೆ ಸುಮಾರು 283 ಗ್ರಾಂ. ಇಲ್ಲಿ 14 ಔನ್ಸ್, ಸುಮಾರು 397 ಗ್ರಾಂ. ಮೆತ್ತೆ ದಪ್ಪವಾದಷ್ಟೂ ಏಟಿನ ಚೂಪು ಕಡಿಮೆ, ನಾಕೌಟ್ ಅಪರೂಪ. ಪ್ರದರ್ಶನ ಪೂರ್ತಿ ಎಂಟು ರೌಂಡ್ ನಡೆಯುವ ಸಾಧ್ಯತೆ ಅಷ್ಟು ಹೆಚ್ಚು. 58ರ ಟೈಸನ್ ಎರಡು ರೌಂಡ್ ಆದ ಮೇಲೆ ಕಾಲು ಸೋತರು. ಮೂವರು ತೀರ್ಪುಗಾರರ ಅಂಕವೂ ಪಾಲ್ ಕಡೆಗೆ: 80–72, 79–73, 79–73. ಅದರಲ್ಲಿ ನಾಟಕವೇನಿಲ್ಲ, ವಯಸ್ಸು ಅಷ್ಟೇ.

ಚಿತ್ರ ನಿಂತದ್ದಕ್ಕೆ ನಿಮ್ಮ ಫೋನ್ ಕಾರಣವಲ್ಲ. ಸಿನಿಮಾ ಆದರೆ ಮೊದಲೇ ಊರೂರಿನ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಫೋನ್ ಕೂಡ ನಿಮಿಷಗಟ್ಟಲೆ ಮುಂದಿನ ಭಾಗ ತುಂಬಿಕೊಂಡಿರುತ್ತದೆ. ನೇರಪ್ರಸಾರದಲ್ಲಿ ಮುಂದಿನ ಭಾಗವೇ ಇನ್ನೂ ಹುಟ್ಟಿರುವುದಿಲ್ಲ. ಕೆಲವೇ ಸೆಕೆಂಡಿನ ತುಣುಕುಗಳನ್ನು ಒಂದೇ ಹೊತ್ತಿಗೆ ಎಲ್ಲರೂ ಕೇಳುತ್ತಾರೆ. ನೆಟ್‌ಫ್ಲಿಕ್ಸ್ ಇದನ್ನು ಪ್ರಸಾರ ಮಾಡಿತ್ತು; ಅದು ಕೊಟ್ಟ ಲೆಕ್ಕದಲ್ಲಿ ಅಂದು ಒಂದು ಘಟ್ಟದಲ್ಲಿ ಒಟ್ಟಿಗೆ 6.5 ಕೋಟಿ ಸ್ಟ್ರೀಮ್ ಓಡುತ್ತಿದ್ದವು.

ಪ್ರ: ಮಾರ್ಸಿಯಾನೋ ಮತ್ತು ಟೈಸನ್ ಇಬ್ಬರೂ ಯೌವನದಲ್ಲಿ ಎದುರಾಗಿದ್ದರೆ?
– ಜಿಮ್‌ಗೆ ಹೋಗುವ ತರುಣ, ದೇವದುರ್ಗ

ಉ: ಇವತ್ತಿನ ನಿಯಮದಲ್ಲಿ ಎದುರಾಗುತ್ತಿದ್ದದ್ದೇ ಅನುಮಾನ. 49 ಬೌಟ್, 49 ಗೆಲುವು ಎಂಬ ದಾಖಲೆಯೊಂದಿಗೆ 1956ರಲ್ಲಿ ನಿವೃತ್ತರಾದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೋ ತೂಕ ಸುಮಾರು 85 ಕೆ.ಜಿ. ಈಗ 90.7 ಕೆ.ಜಿ.ವರೆಗೆ ಕ್ರೂಸರ್‌ವೇಟ್ ಎಂಬ ಬೇರೆ ವರ್ಗವಿದೆ. ಅವರು ಅಲ್ಲಿ ಸೇರುತ್ತಿದ್ದರು. ಆ ವರ್ಗಕ್ಕೆ ಹೆವಿವೇಟ್‌ನ ಕಾಲುಭಾಗದಷ್ಟೂ ಪ್ರಚಾರವಿಲ್ಲ. ಹಾಗಾಗಿ ಸೋಲದ ಚಾಂಪಿಯನ್ ಆಗಿದ್ದೂ ಪೋಸ್ಟರ್‌ನ ಕೆಳಸಾಲಿನಲ್ಲಿ ಇರುತ್ತಿದ್ದರು.

ಪ್ರ: ಹೆವಿವೇಟ್ ಚಾಂಪಿಯನ್ ಜೋ ಲೂಯಿ 25 ಸಲ ಪಟ್ಟ ಉಳಿಸಿಕೊಂಡೂ ತೆರಿಗೆ ಸಾಲದಲ್ಲಿ ಮುಳುಗಿದರಂತೆ. ಈಗಿನ ಕಾಲದಲ್ಲಿ ಹಾಗಾಗುತ್ತಿತ್ತೇ?
– ತೆರಿಗೆ ಸಲಹೆಗಾರರು, ಸಿಂಧನೂರು

ಉ: ನಿಮ್ಮಂಥ ಒಬ್ಬರು ಪಕ್ಕದಲ್ಲಿದ್ದಿದ್ದರೆ ಆಗುತ್ತಿರಲಿಲ್ಲ. 1942ರಲ್ಲಿ ಎರಡು ಬೌಟ್‌ಗಳ ಹಣವನ್ನು ಲೂಯಿ ಅಮೆರಿಕದ ಸೇನೆಗೆ ಸೇರಿದ ಪರಿಹಾರ ನಿಧಿಗಳಿಗೆ ಕೊಟ್ಟರು: ಜನವರಿಯಲ್ಲಿ ಬಡ್ಡಿ ಬೇರ್ ಎಂಬ ಬಾಕ್ಸರ್ ವಿರುದ್ಧದ್ದು ನೌಕಾಪಡೆಗೆ, ಮಾರ್ಚ್‌ನಲ್ಲಿ ಏಬ್ ಸೈಮನ್ ವಿರುದ್ಧದ್ದು ಭೂಸೇನೆಗೆ. ತೆರಿಗೆ ಇಲಾಖೆ ಆ ಪರ್ಸನ್ನು (ಬೌಟ್ ಆಡಿದ್ದಕ್ಕೆ ಸಿಗುವ ಹಣ) ಮೊದಲು ಲೂಯಿಯ ಆದಾಯವೆಂದೇ ಹಿಡಿಯಿತು. ಯುದ್ಧಕಾಲದಲ್ಲಿ ಮೇಲಿನ ಸ್ತರದ ತೆರಿಗೆ 90%ರ ಆಸುಪಾಸು. ಕೈಗೆ ಬಾರದ ಹಣಕ್ಕೆ ತೆರಿಗೆ, ಅದರ ಮೇಲೆ ಬಡ್ಡಿ, ದಂಡ. 1949ರಲ್ಲಿ ನಿವೃತ್ತರಾದವರು ಸಾಲ ತೀರಿಸಲೆಂದು ಮರುವರ್ಷ ಮತ್ತೆ ಗ್ಲೌಸ್ ಹಾಕಿಕೊಂಡರು. 1951ರಲ್ಲಿ ಮಾರ್ಸಿಯಾನೋ ಎಂಟನೇ ರೌಂಡ್‌ನಲ್ಲಿ ಕೆಡವಿದರು. ಕೊನೆಗಾಲದಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಗಿರಾಕಿಗಳಿಗೆ ಕೈಕುಲುಕಿ ಸ್ವಾಗತಿಸುವ ಕೆಲಸ.

1938ರಲ್ಲಿ ಲೂಯಿ 124 ಸೆಕೆಂಡಿನಲ್ಲಿ ಕೆಡವಿದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಯುದ್ಧದ ನಂತರ ತಮ್ಮ ದೇಶದಲ್ಲಿ ಕೋಕಾ-ಕೋಲಾ ಏಜೆನ್ಸಿ ಹಿಡಿದು ಶ್ರೀಮಂತರಾದರು. ಕಷ್ಟದಲ್ಲಿದ್ದ ಲೂಯಿಗೆ ಹಣದ ಸಹಾಯವನ್ನೂ ಮಾಡಿದರು. ಸೋತವರ ಬಳಿ ಏಜೆನ್ಸಿ ಇತ್ತು, ಗೆದ್ದವರ ಬಳಿ ಹೆಸರು ಮಾತ್ರ.

ನಮ್ಮ ಹುಡುಗರಿಗೆ ನೀವು ಹೇಳಿಕೊಡಬೇಕಾದದ್ದು ಇದು. ಪರ್ಸ್ ಅಥವಾ ಜಾಹೀರಾತು ಹಣದಲ್ಲಿ 10% ಟಿಡಿಎಸ್ ಹಿಡಿದರೆ ತೆರಿಗೆ ಮುಗಿಯಿತು ಎಂದು ಅವರು ತಿಳಿಯುತ್ತಾರೆ. ಆದಾಯ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬೇಕು. ಹೆಚ್ಚಿದ್ದು, ಟಿಡಿಎಸ್ ಕಳೆದೂ ವರ್ಷಕ್ಕೆ 10,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಬರುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಬೌಟ್ ಹಣ ಬಂದ ದಿನವೇ ಒಂದು ಪಾಲು ಬೇರೆ ಖಾತೆಗೆ ಹಾಕಿದರೆ ಬೈಕ್ ಶೋರೂಮ್ ಕಣ್ಣಿಗೆ ಬೀಳುವುದು ಸ್ವಲ್ಪ ತಡವಾಗುತ್ತದೆ.

ಪ್ರ: 1980ರ ದಶಕದ ಬಾಕ್ಸರ್‌ಗಳಲ್ಲಿ ಹ್ಯಾಗ್ಲರ್ ದೊಡ್ಡವರೋ ಲೆನರ್ಡ್ ದೊಡ್ಡವರೋ? ರೀಲ್ಸ್ ಕಾಲದಲ್ಲಿ ಯಾರು ಗೆಲ್ಲುತ್ತಿದ್ದರು?
– ನಿವೃತ್ತ ಬ್ಯಾಂಕ್ ನೌಕರರು, ರಾಯಚೂರು

ಉ: ರಿಂಗಿನಲ್ಲಿ ಹ್ಯಾಗ್ಲರ್ ಎನ್ನುವವರೇ ನಮ್ಮಲ್ಲೂ ಹೆಚ್ಚು. ಮಾರ್ಕೆಟ್‌ನಲ್ಲಿ ಲೆನರ್ಡ್, ಅದರಲ್ಲಿ ಎರಡು ಮಾತಿಲ್ಲ. ಟಿವಿ ನಿರೂಪಕರು ‘ಮಾರ್ವೆಲಸ್’ (ಅದ್ಭುತ) ಎಂದು ಕರೆಯಲು ಒಪ್ಪಲಿಲ್ಲವೆಂದು 1982ರಲ್ಲಿ ಕೋರ್ಟಿಗೆ ಹೋಗಿ ಅದನ್ನೇ ಹೆಸರಾಗಿ ಸೇರಿಸಿಕೊಂಡ ಮನುಷ್ಯ ಹ್ಯಾಗ್ಲರ್. ಲೆನರ್ಡ್ 1976ರ ಒಲಿಂಪಿಕ್ಸ್ ಚಿನ್ನ ಗೆದ್ದದ್ದನ್ನು ಅಮೆರಿಕದ ಮನೆಮನೆಯೂ ಟಿವಿಯಲ್ಲಿ ಕಂಡಿತ್ತು. ಆಮೇಲೆ ತಂಪು ಪಾನೀಯದ ಜಾಹೀರಾತು. ವೃತ್ತಿಪರರಾಗುವಾಗ ಅವರು ಯಾವ ಪ್ರಮೋಟರ್‌ಗೂ ತಲೆ ಒತ್ತೆ ಇಡಲಿಲ್ಲ. ವಕೀಲ ಮೈಕ್ ಟ್ರೇನರ್ ಕೆಲವು ಪರಿಚಿತರಿಂದ ಸುಮಾರು 20,000 ಡಾಲರ್ ಸಾಲ ಎತ್ತಿ ಲೆನರ್ಡ್ ಹೆಸರಲ್ಲೇ ಕಂಪನಿ ಮಾಡಿಕೊಟ್ಟರು. 1977ರ ಮೊದಲ ಬೌಟ್‌ನ ಹಣದಲ್ಲೇ ಸಾಲ ತೀರಿತು.

ಆ ಇಬ್ಬರ 1987ರ ಬೌಟ್ ಮಾತುಕತೆಯ ಪಾಠ. ಹ್ಯಾಗ್ಲರ್ ಕಡೆಯವರು ಹೆಚ್ಚಿನ ಹಣಕ್ಕೆ ಪಟ್ಟು ಹಿಡಿದರು, ಸಿಕ್ಕಿತು. ಲೆನರ್ಡ್ ಕಡೆಯವರು ಕಡಿಮೆ ಹಣಕ್ಕೆ ಒಪ್ಪಿ ಬೇರೆ ಮೂರು ಕೇಳಿದರು: 15ರ ಬದಲು 12 ರೌಂಡ್, 20 ಅಡಿಯ ದೊಡ್ಡ ರಿಂಗ್, 10 ಔನ್ಸ್ ಗ್ಲೌಸ್. ಮೂರೂ ಸುತ್ತಾಡಿ ತಪ್ಪಿಸಿಕೊಳ್ಳುವವನಿಗೆ ಅನುಕೂಲ, ಒತ್ತಿ ಹೊಡೆಯುವವನಿಗೆ ಅಲ್ಲ. ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ. 2–1ರಲ್ಲಿ ಲೆನರ್ಡ್ ಗೆದ್ದರು. ಹದಿನೈದು ರೌಂಡ್ ಇದ್ದಿದ್ದರೆ ಎಂಬ ಜಗಳ ಇನ್ನೂ ಮುಗಿದಿಲ್ಲ. ರೀಲ್ಸ್ ಮಟ್ಟಿಗೆ ಹೇಳುವುದಾದರೆ 1985ರ ಹ್ಯಾಗ್ಲರ್–ಹರ್ನ್ಸ್ ಮೊದಲ ರೌಂಡ್‌ನ ಮೂರು ನಿಮಿಷಗಳಿಗೆ ಸಮನಾದ ಕ್ಲಿಪ್ ಇವತ್ತಿಗೂ ಹುಟ್ಟಿಲ್ಲ. ಆದರೆ ಕ್ಲಿಪ್‌ನ ದುಡ್ಡು ಹ್ಯಾಗ್ಲರ್‌ಗೆ ಬರುತ್ತಿತ್ತೇ ಎಂಬುದಕ್ಕೆ ಮುಂದಿನ ಉತ್ತರ ನೋಡಿ.

ಪ್ರ: ನಮ್ಮ ಊರಿನ ಬಾಕ್ಸಿಂಗ್ ಹುಡುಗರ ವಿಡಿಯೊ ಮಾಡುತ್ತೇನೆ. ಪಂಚ್ ಮಸುಕು ಬರುತ್ತದೆ, ಮಸುಕು ತೆಗೆಯಲು ಹೋದರೆ ಕಪ್ಪು ಪಟ್ಟಿ ಓಡುತ್ತವೆ. ಟೈಸನ್ ಹಳೆಯ ಬೌಟ್‌ಗಳ ತುಣುಕು ಸೇರಿಸಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ. ಏನು ಮಾಡಲಿ?
– ಫೋಟೊ ಸ್ಟುಡಿಯೊದವರು, ಸಂಡೂರು

ಉ: ಮೊದಲು ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಟ್ಯೂಬ್ ಮತ್ತು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಪೂರ್ತಿ ಮಿನುಗು ಸಿಗುತ್ತದೆ, ಚಿತ್ರ ಸಮ. 1/500ಕ್ಕೆ ಏರಿಸಿದ ಕೂಡಲೇ ಮಿನುಗಿನ ಒಂದು ತುಣುಕು ಮಾತ್ರ ಸಿಕ್ಕಿ ಪಟ್ಟಿ ಮೂಡುತ್ತದೆ. ಆದರೆ 1/100ರಲ್ಲಿ ಪಂಚ್ ಮಸುಕಾಗದೆ ಇರದು. ದಾರಿ ಎರಡೇ. ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಅನ್ನು ಬೆಳಗ್ಗೆ ಬಿಸಿಲಿನ ಬೆಳಕಿನಲ್ಲಿ 1/500ರಿಂದ 1/1000 ಶಟರ್‌ನಲ್ಲಿ ತೆಗೆಯಿರಿ. ನಿಮ್ಮ ಕಡೆ ಬಿಸಿಲಿಗೇನು ಬರವಿಲ್ಲ. ಒಳಾಂಗಣವೇ ಬೇಕೆಂದರೆ ಮಿನುಗದ ವಿಡಿಯೊ ಲೈಟ್ ಎರಡನ್ನು ಎದುರುಬದುರು ಮೂಲೆಗಳಲ್ಲಿ ತಲೆಯಿಂದ ಎತ್ತರಕ್ಕೆ ನಿಲ್ಲಿಸಿ. ಫ್ರೇಮ್ ದರ 50 ಇರಲಿ. ನಿಧಾನಗತಿ ಬೇಕಾದರೆ 100, ಆದರೆ ಅದಕ್ಕೆ ಬೆಳಕು ಎರಡು ಪಟ್ಟು ಬೇಕು.

ಇನ್ನು ನಿಲ್ಲುವ ಜಾಗ. ಹೊರಗೆ ನೆಲದ ಮೇಲೆ ನಿಂತರೆ ಹಗ್ಗ ಸರಿಯಾಗಿ ಮುಖದ ಮೇಲೆ ಬರುತ್ತದೆ. ಕ್ಯಾಮೆರಾ ಮೇಲಿನ ಹಗ್ಗಕ್ಕಿಂತ ಒಂದಡಿ ಎತ್ತರಕ್ಕೆ ಬರುವಂತೆ ಸ್ಟೂಲ್ ಮೇಲೆ, ಮೂಲೆಯ ಪಕ್ಕ ನಿಲ್ಲಿ. 20 ಅಡಿ ರಿಂಗಿನಲ್ಲಿ ಫೋನನ್ನು ಉದ್ದಕ್ಕೆ ಹಿಡಿದರೆ ಇಬ್ಬರಲ್ಲಿ ಒಬ್ಬರು ಸದಾ ಚೌಕಟ್ಟಿನ ಹೊರಗೆ. ಅಡ್ಡಕ್ಕೇ ತೆಗೆದು, ಆಮೇಲೆ ಕ್ಲಿಪ್‌ಗೆ ಬೇಕಾದಷ್ಟು ಕತ್ತರಿಸಿ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಗ್ಲೌಸ್ ಬಿದ್ದ ಸದ್ದೇ ಸಾಕು, ಅದಕ್ಕೆ ಯಾರೂ ಕ್ಲೇಮ್ ಹಾಕುವುದಿಲ್ಲ.

ಟೈಸನ್ ತುಣುಕು ಬಿಡಿ. ಬೌಟ್‌ನ ಚಿತ್ರದ ಹಕ್ಕು ಬಾಕ್ಸರ್‌ದಲ್ಲ. ಪ್ರಮೋಟರ್ ಅಥವಾ ಪ್ರಸಾರಕರದ್ದು. ಚಿತ್ರದ ಮೇಲಿನ ಈ ಗುದ್ದಾಟಕ್ಕೆ ನೂರು ವರ್ಷ ದಾಟಿದೆ. 1910ರಲ್ಲಿ ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್ ಬಿಳಿಯ ಜೆಫ್ರೀಸ್‌ರನ್ನು ಸೋಲಿಸಿದ ಫಿಲ್ಮ್ ಗಲಾಟೆ ಎಬ್ಬಿಸಿತು. 1912ರಲ್ಲಿ ಬಾಕ್ಸಿಂಗ್ ಫಿಲ್ಮನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ ಅಮೆರಿಕ ಕಾನೂನನ್ನೇ ಮಾಡಿತು. ಮುಂದೆ ಜಿಮ್ ಜೇಕಬ್ಸ್ ಮತ್ತು ಬಿಲ್ ಕೇಟನ್ ಎಂಬಿಬ್ಬರು ಹಳೆಯ ಬೌಟ್‌ಗಳ ಫಿಲ್ಮ್ ಹಕ್ಕು ಹುಡುಕಿ ಹುಡುಕಿ ಕೊಂಡಿಟ್ಟರು. ಆ ಭಂಡಾರ 1998ರಲ್ಲಿ ಇಎಸ್‌ಪಿಎನ್ ಪಾಲಾಯಿತು. ಅದರಲ್ಲಿದ್ದ ಬಾಕ್ಸರ್‌ಗಳಲ್ಲಿ ಬಹುತೇಕರಿಗೆ ಬಿಡಿಗಾಸೂ ಸಿಗಲಿಲ್ಲ.

ಟೈಸನ್‌ರನ್ನು ಆರಂಭದಲ್ಲಿ ನೋಡಿಕೊಂಡವರೂ ಇದೇ ಇಬ್ಬರು. 1985ರಲ್ಲಿ ಆ ಹುಡುಗ 15 ಬೌಟ್ ಆಡಿದ. ಒಂದೂ ಪೂರ್ತಿ ನಡೆಯಲಿಲ್ಲ, ಬಹುಪಾಲು ಮೊದಲ ರೌಂಡ್‌ನಲ್ಲೇ ಮುಗಿದವು. ದೊಡ್ಡ ಟಿವಿಗಳು ತೋರಿಸದ ಆ ನಾಕೌಟ್‌ಗಳನ್ನು ಒಂದೇ ಕ್ಯಾಸೆಟ್‌ಗೆ ಜೋಡಿಸಿ ದೇಶದ ಕ್ರೀಡಾ ಪತ್ರಕರ್ತರಿಗೆ ಅಂಚೆಯಲ್ಲಿ ಕಳಿಸಿದರು. ಮರುವರ್ಷ ನವೆಂಬರ್‌ನಲ್ಲಿ 20ರ ವಯಸ್ಸಿಗೆ ಟೈಸನ್ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆಗುವ ಹೊತ್ತಿಗೆ ಹೆಸರು ಮೊದಲೇ ಮನೆಮಾತಾಗಿತ್ತು. ಹಳಬರಲ್ಲಿ ಈ ಕಾಲಕ್ಕೆ ಅತಿ ಸುಲಭವಾಗಿ ಹೊಂದುತ್ತಿದ್ದವರು ಯಾರೆಂದರೆ ನಮ್ಮ ಮತ ಅಲಿಗಲ್ಲ, 1985ರ ಟೈಸನ್‌ಗೆ. ಹಣ ಉಳಿಸಿಕೊಳ್ಳುತ್ತಿದ್ದರೇ ಎಂಬುದು ಬೇರೆ ಮಾತು. 30 ಕೋಟಿ ಡಾಲರ್‌ಗೂ ಮೇಲೆ ದುಡಿದು 2003ರಲ್ಲಿ ದಿವಾಳಿ ಅರ್ಜಿ ಹಾಕಿದವರು.

ನಿಮ್ಮ ಚಾನೆಲ್‌ಗೆ ಜಾಹೀರಾತು ಹಣ ಬರಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಉದ್ದ ವಿಡಿಯೊದ ಜಾಹೀರಾತಿನಲ್ಲಿ ನಿಮ್ಮ ಪಾಲು 55%, ಶಾರ್ಟ್ಸ್‌ನಲ್ಲಿ 45%. ಹಣ ಕಟ್ಟಿ ಆಡುವ ಗೇಮ್ ಆ್ಯಪ್‌ಗಳು ಪ್ರಾಯೋಜಕತ್ವಕ್ಕೆ ಬಂದರೆ ಮುಟ್ಟಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾನೂನಿನಲ್ಲಿ ಅವುಗಳ ಜಾಹೀರಾತು ಅಪರಾಧ.

ಪ್ರ: ಸರ್ರ, ನಮ್ಮ ಹುಡುಗಗ ಈಗ ಹದಿನೇಳು ನಡದಾವ್ರಿ. ಸ್ಟೇಟ್‌ದಾಗ ಮೆಡಲ್ ಬಂದೈತಿ. ಒಬ್ಬಾಂವ ಬಂದು ಪ್ರೊಫೆಷನಲ್ ಮಾಡ್ತೀನಿ, ಯೂಟ್ಯೂಬ್‌ದಾಗ ಹೆಸರು ಮಾಡ್ತೀನಿ, ಐದು ವರ್ಷದ ಅಗ್ರಿಮೆಂಟಿಗೆ ಸಹಿ ಹಾಕ್ರಿ ಅಂತಾನ. ಐವತ್ತು ಸಾವಿರ ಅಡ್ವಾನ್ಸ್ ಕೊಡ್ತಾನಂತ. ಹಾಕಬೇಕೋ ಬ್ಯಾಡೋ?
– ಹೆಸರು ಬೇಡ ಎಂದವರು, ಲಿಂಗಸುಗೂರು

ಉ: ಯಜಮಾನರೇ, ಈಗ ಹಾಕಬೇಡಿ. 18 ತುಂಬದವರ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. 1872ರ ಕರಾರು ಕಾಯ್ದೆಯ 11ನೇ ಕಲಂ ಅದನ್ನೇ ಹೇಳುತ್ತದೆ. ಅದಕ್ಕೇ ಅವರು ನಿಮ್ಮ ಸಹಿ ಕೇಳುತ್ತಿರುವುದು. ನಾಳೆ ಹುಡುಗ ಒಲ್ಲೆ ಎಂದರೆ ಅಡ್ವಾನ್ಸ್ ವಾಪಸ್ ಕೊಡಿ ಎಂದು ಅವರು ಬರುವುದು ನಿಮ್ಮ ಮನೆಗೆ. ದಲಾಲಿ ಅಂಗಡಿಯಿಂದ ಬಿತ್ತನೆಗೆ ಮುಂಗಡ ತಂದವರು ಹತ್ತಿಯನ್ನು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ ಹಾಕಬೇಕಾಗುತ್ತದಲ್ಲ, ಈ ಐವತ್ತು ಸಾವಿರವೂ ಅದೇ ಜಾತಿಯದು.

18 ತುಂಬಿದ ಮೇಲೆ ಮತ್ತೆ ಬಂದರೆ ಕಾಗದವನ್ನು ಕನ್ನಡದಲ್ಲಿ ಬರೆಸಿ ತರಲು ಹೇಳಿ. ಮೊದಲು ನೋಡಬೇಕಾದ್ದು ಕಮಿಷನ್ ಯಾವ ಮೊತ್ತದ ಮೇಲೆ ಎಂಬುದು. ಪರ್ಸ್ 1,00,000 ರೂಪಾಯಿ. ಪ್ರಯಾಣ, ವಸತಿ, ರಕ್ತ ಪರೀಕ್ಷೆ, ಎಂಆರ್‌ಐ ಸೇರಿ ಖರ್ಚು 40,000. ಮ್ಯಾನೇಜರ್‌ಗೆ 30%, ಕೋಚ್‌ಗೆ 10% ಎಂದಿಟ್ಟುಕೊಳ್ಳಿ. ಒಟ್ಟು ಮೊತ್ತದ ಮೇಲೆ ಕಮಿಷನ್ ಹಿಡಿದು ಖರ್ಚನ್ನೂ ಹುಡುಗನ ತಲೆಗೆ ಹಾಕಿದರೆ 30,000, 10,000, 40,000 ಹೋಗಿ ಕೈಗೆ ಉಳಿಯುವುದು 20,000. ಖರ್ಚು ಕಳೆದ 60,000ದ ಮೇಲೆ ಹಿಡಿದರೆ 18,000 ಮತ್ತು 6,000 ಹೋಗಿ ಉಳಿಯುವುದು 36,000. ಶೇಕಡಾ ಅದೇ, ಕಾಗದದಲ್ಲಿ ಒಂದು ಸಾಲು ಬೇರೆ.

ವರ್ಷಕ್ಕೆ ಕನಿಷ್ಠ ಎಷ್ಟು ಬೌಟ್ ಕೊಡುತ್ತಾರೆ, ಕೊಡದಿದ್ದರೆ ಹುಡುಗ ಬಿಡುಗಡೆಯೇ ಎಂದು ಬರೆದಿರಬೇಕು. ಇದು ಇಲ್ಲದ ಕಾಗದದಲ್ಲಿ ಹುಡುಗ ಐದು ವರ್ಷ ಸುಮ್ಮನೆ ಕೂರಬೇಕಾಗಬಹುದು, ಬೇರೆಯವರ ಬಳಿ ಆಡುವಂತೆಯೂ ಇಲ್ಲ. ಐದು ವರ್ಷ ಬೇಡ, ಎರಡು ಸಾಕು. ಕಂಪನಿ ಇಚ್ಛೆಪಟ್ಟರೆ ಅವಧಿ ಮುಂದುವರಿಯುತ್ತದೆ ಎಂಬ ಸಾಲಿದ್ದರೆ ಹೊಡೆದು ಹಾಕಿಸಿ. ರಿಂಗಿನಲ್ಲಿ ಏಟು ಬಿದ್ದರೆ ಆಸ್ಪತ್ರೆ ಖರ್ಚು ಯಾರದು, ವಿಮೆ ಎಷ್ಟು ಎಂಬುದು ಅಂಕಿಯಲ್ಲಿರಲಿ. ತಕರಾರು ಬಂದರೆ ವಿಚಾರಣೆ ದೆಹಲಿ ಅಥವಾ ಮುಂಬೈಯಲ್ಲಿ ಎಂದಿದ್ದರೆ ರಾಯಚೂರು ಎಂದು ಬದಲಿಸಿ. ಅವರು ಒಪ್ಪದಿದ್ದರೆ ಬೆಂಗಳೂರಾದರೂ ಇರಲಿ. ದೆಹಲಿಗೆ ನಾಲ್ಕು ವಾಯಿದೆ ತಿರುಗಿದರೆ ಅಡ್ವಾನ್ಸ್ ಅಲ್ಲೇ ಕರಗುತ್ತದೆ.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಖಾತೆ ಯಾರ ಹೆಸರಲ್ಲಿ ತೆರೆಯುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ಖಾತೆಯ ಇಮೇಲ್ ಮತ್ತು ಒಟಿಪಿ ಬರುವ ಸಿಮ್ ಹುಡುಗನ ಹೆಸರಲ್ಲೇ ಇರಲಿ. ಲಕ್ಷ ಜನ ಹಿಂಬಾಲಿಸುವ ಖಾತೆ ಅವರ ಸಿಮ್‌ನಲ್ಲಿದ್ದರೆ, ಒಪ್ಪಂದ ಮುಗಿದ ದಿನ ಹುಡುಗನಿಗೆ ಹೆಸರೂ ಉಳಿಯುವುದಿಲ್ಲ. ಅವನ ಹೆಸರು, ಚಿತ್ರ ಬಳಸುವ ಹಕ್ಕನ್ನು ಒಪ್ಪಂದದ ಅವಧಿಗೆ ಮಾತ್ರ ಕೊಡಿ, ‘ಶಾಶ್ವತವಾಗಿ’ ಎಂಬ ಪದ ಎಲ್ಲೂ ಬೇಡ.

ಸಹಿಗೆ ಮೊದಲು ಇನ್ನೊಂದು. ಪದಕ ಬಂದ ಹುಡುಗನಿಗೆ ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ದಾರಿ ಇದೆ. ಸರ್ಕಾರಿ ನೌಕರಿಯಲ್ಲಿದ್ದು ಅನುಮತಿಯಿಲ್ಲದೆ ಹೊರಗೆ ಹಣಕ್ಕೆ ಆಡುವಂತಿಲ್ಲ. ಯಾವುದು ಬೇಕೆಂದು ಹುಡುಗನ ಜೊತೆ ಕೂತು ತೀರ್ಮಾನಿಸಿ. ವೃತ್ತಿಪರನಾದರೆ ಮುಂದೆ ರಾಷ್ಟ್ರೀಯ ತಂಡದ ಆಯ್ಕೆಗೆ ಅಡ್ಡಿಯಿದೆಯೇ ಎಂದು ಬಾಕ್ಸಿಂಗ್ ಸಂಸ್ಥೆಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಪ್ರ: ನಮ್ಮ ದೇಶದ ಹಳೆಯ ಬಾಕ್ಸರ್‌ಗಳನ್ನೇ ಮರೆತಿರಲ್ಲ?
– ನಿವೃತ್ತ ದೈಹಿಕ ಶಿಕ್ಷಕರು, ಗಂಗಾವತಿ

ಉ: ಮರೆತಿಲ್ಲ, ಗುರುಗಳೇ. ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದವರು. ಹರಿಯಾಣದ ಭಿವಾನಿಯನ್ನು ಬಾಕ್ಸಿಂಗ್ ಊರು ಮಾಡಿದ್ದು ಅವರ ತರಬೇತಿ. ಕೌರ್ ಸಿಂಗ್ 1980ರ ಜನವರಿಯಲ್ಲಿ ದೆಹಲಿಯಲ್ಲಿ ಸಾಕ್ಷಾತ್ ಅಲಿ ಎದುರು ಪ್ರದರ್ಶನ ಬೌಟ್ ಆಡಿದರು, 1982ರಲ್ಲಿ ಏಷ್ಯನ್ ಚಿನ್ನ ಗೆದ್ದರು. ಮುಂದೆ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. ಅಲಿ ಜೊತೆಗಿನ ಅಂಥ ನಾಲ್ಕು ರೌಂಡ್ ಇವತ್ತು ನಡೆದರೆ ಆ ಒಂದು ಸಂಜೆಯ ಚಿತ್ರದ ಮೇಲೇ ಒಂದು ಕುಟುಂಬ ಬದುಕಬಹುದು. ಅದೇ ಭಿವಾನಿಯ ವಿಜೇಂದರ್ 2008ರ ಒಲಿಂಪಿಕ್ಸ್ ಕಂಚಿನಿಂದ ಜಾಹೀರಾತಿಗೂ, 2015ರಲ್ಲಿ ಬ್ರಿಟನ್ನಿನ ಕಂಪನಿಯೊಂದರ ಜೊತೆ ವೃತ್ತಿಪರ ರಿಂಗಿಗೂ ದಾಟಿದರು. ಕೌರ್ ಸಿಂಗ್, ವಿಜೇಂದರ್ ಇಬ್ಬರ ನಡುವೆ ಬಂದದ್ದು ಕೇಬಲ್ ಟಿವಿ.

ನಿಮಗೆ ಗೊತ್ತಿರುವ ಹಳೆಯ ಕ್ರೀಡಾಪಟು ಕಷ್ಟದಲ್ಲಿದ್ದರೆ ಎರಡು ಬಾಗಿಲುಗಳಿವೆ. ಅಂತರರಾಷ್ಟ್ರೀಯ ಪದಕ ವಿಜೇತರಿಗೆ ಕೇಂದ್ರದ ಪಿಂಚಣಿ: 2018ರ ಪರಿಷ್ಕರಣೆಯಲ್ಲಿ ಒಲಿಂಪಿಕ್ಸ್ ಪದಕಕ್ಕೆ ತಿಂಗಳಿಗೆ 20,000, ಏಷ್ಯನ್ ಗೇಮ್ಸ್ ಚಿನ್ನಕ್ಕೆ 14,000 ರೂಪಾಯಿ, 30 ವರ್ಷ ತುಂಬಿ ಕ್ರೀಡೆಯಿಂದ ನಿವೃತ್ತರಾಗಿರಬೇಕು. ಇನ್ನೊಂದು, ಪಂಡಿತ್ ದೀನದಯಾಳ್ ಉಪಾಧ್ಯಾಯ ಹೆಸರಿನ ಕ್ರೀಡಾಪಟುಗಳ ಕಲ್ಯಾಣ ನಿಧಿ. ಚಿಕಿತ್ಸೆಗೂ ನೆರವು ಕೊಡುತ್ತದೆ. ಇಂಥ ಅರ್ಜಿಗಳು ಹಿಂದಕ್ಕೆ ಬರುವುದು ಹೆಚ್ಚಾಗಿ ಹಳೆಯ ಪ್ರಮಾಣಪತ್ರ ಕಳೆದುಹೋದಾಗ. ಸಂಸ್ಥೆಯಿಂದ ದೃಢೀಕೃತ ನಕಲು ಮೊದಲು ತರಿಸಿಕೊಳ್ಳಿ.

ಪ್ರ: ಟಿವಿ ಮಾರುಕಟ್ಟೆ ಹೆಣ್ಣುಮಕ್ಕಳ ಬಾಕ್ಸಿಂಗ್ ಕಡೆ ತಿರುಗಿದ್ದು ಯಾವಾಗ?
– ಪದವಿ ವಿದ್ಯಾರ್ಥಿನಿ, ಸಿರುಗುಪ್ಪ

ಉ: 1996ರ ಮಾರ್ಚ್ 16. ಟೈಸನ್–ಬ್ರೂನೋ ಬೌಟ್‌ಗೆ ಮುನ್ನ ಕ್ರಿಸ್ಟಿ ಮಾರ್ಟಿನ್ ಮತ್ತು ಡೀಡ್ರೆ ಗೋಗಾರ್ಟಿ ರಕ್ತ ಸುರಿಸಿಕೊಂಡು ಆಡಿದ ಆರು ರೌಂಡ್‌ಗಳು ಮುಖ್ಯ ಬೌಟನ್ನೇ ಮಂಕಾಗಿಸಿದವು. ಟೈಸನ್‌ಗೆ 3 ಕೋಟಿ ಡಾಲರ್, ಮಾರ್ಟಿನ್‌ಗೆ 15,000. ಮುಂದಿನ ತಿಂಗಳೇ ಅವರು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಮುಖಪುಟದಲ್ಲಿದ್ದರು. 2025ರ ಜುಲೈ 11ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೇಟಿ ಟೇಲರ್–ಅಮಾಂಡಾ ಸೆರಾನೋ ಬೌಟ್ ಇದ್ದ ಇಡೀ ಕಾರ್ಯಕ್ರಮ ಮಹಿಳೆಯರದೇ, ಅದೂ ನೆಟ್‌ಫ್ಲಿಕ್ಸ್‌ನಲ್ಲಿ.

ಪ್ರ: ಗವಿಮಠದ ಜಾತ್ರೆ ಸಮಯದಲ್ಲಿ ಊರಿನಲ್ಲಿ ಒಂದು ಪ್ರದರ್ಶನ ಬಾಕ್ಸಿಂಗ್ ಮಾಡಿ ಯೂಟ್ಯೂಬ್‌ನಲ್ಲಿ ಲೈವ್ ಕೊಡಬೇಕೆಂದಿದ್ದೇವೆ. ಏನೇನು ನೋಡಿಕೊಳ್ಳಬೇಕು?
– ಯುವಕ ಸಂಘ, ಕೊಪ್ಪಳ

ಉ: ಪೊಲೀಸ್ ಅನುಮತಿ, ರಿಂಗ್ ಪಕ್ಕ ವೈದ್ಯರು, ಎಂಜಿನ್ ಆನ್ ಮಾಡಿದರೆ ಹೊರಡುವಂತೆ ನಿಂತ ಆಂಬುಲೆನ್ಸ್. ಇವಿಲ್ಲದಿದ್ದರೆ ಕ್ಯಾಮೆರಾ ತರಲೇಬೇಡಿ.

ಲೈವ್ ಕೆಡುವುದು ಬಹುಪಾಲು ನೆಟ್‌ವರ್ಕ್‌ನಿಂದ. ಹಿಂದಿನ ದಿನ ಪರೀಕ್ಷಿಸಿದಾಗ ಮೊಬೈಲ್ ಡೇಟಾ ಚೆನ್ನಾಗಿಯೇ ಓಡುತ್ತದೆ; ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರಿದಾಗ ಅದೇ ಟವರ್‌ಗೆ ಎಲ್ಲರ ಫೋನೂ ಜೋತುಬಿದ್ದು ಅಪ್‌ಲೋಡ್ ಸತ್ತುಹೋಗುತ್ತದೆ. ಹತ್ತಿರದ ಅಂಗಡಿ ಅಥವಾ ಶಾಲೆಯ ಫೈಬರ್ ಸಂಪರ್ಕದಿಂದ ಕೇಬಲ್ ಎಳೆಯಿರಿ. 720ಪಿ ಚಿತ್ರಕ್ಕೆ 4ರಿಂದ 6 ಎಂಬಿಪಿಎಸ್ ಬೇಕು. ಅಪ್‌ಲೋಡ್ ವೇಗ ಅದರ ದುಪ್ಪಟ್ಟು ಇರಲಿ. 1080ಪಿ ಆಸೆಗೆ ಬಿದ್ದು ನಿಂತು ನಿಂತು ಹೋಗುವುದಕ್ಕಿಂತ 720ಪಿ ವಾಸಿ. ಹೊಸ ಚಾನೆಲ್‌ನಲ್ಲಿ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆ ಹಿಡಿಯಬಹುದು; ಫೋನ್‌ನಿಂದಲೇ ನೇರ ಕೊಡಲು ಕನಿಷ್ಠ 50 ಚಂದಾದಾರರು ಬೇಕು. ಇದನ್ನು ವಾರ ಮೊದಲೇ ಮುಗಿಸಿ. ಪಕ್ಕದ ಡಿಜೆಯ ಹಾಡು ಮೈಕಿಗೆ ಸೇರಿದರೆ ಅರ್ಧದಲ್ಲೇ ಲೈವ್ ನಿಲ್ಲಬಹುದು. ಮೈಕನ್ನು ರಿಂಗಿನ ಹಲಗೆಯ ಅಡಿಗೆ ಕಟ್ಟಿ. ಲೈವ್ ಹೋಗುತ್ತಿರುವಾಗಲೂ ಕ್ಯಾಮೆರಾದ ಕಾರ್ಡ್‌ನಲ್ಲಿ ಪ್ರತ್ಯೇಕ ರೆಕಾರ್ಡಿಂಗ್ ಓಡುತ್ತಿರಲಿ.

ಆಡುವ ಪ್ರತಿಯೊಬ್ಬರಿಂದ, 18 ತುಂಬದವರಾದರೆ ಪಾಲಕರಿಂದ, ಚಿತ್ರ ಬಳಸಲು ಒಪ್ಪಿಗೆ ಬರೆಸಿಕೊಳ್ಳಿ. ಕ್ಲಿಪ್‌ನಿಂದ ಹಣ ಬಂದರೆ ಅವರ ಪಾಲು ಎಷ್ಟೆಂದೂ ಅದರಲ್ಲೇ ಇರಲಿ. ತಲೆಗೆ ಏಟು ಬಿದ್ದು ನಾಕೌಟ್ ಆದ ಹುಡುಗನನ್ನು ಕನಿಷ್ಠ 30 ದಿನ ಸ್ಪಾರಿಂಗಿಗೂ ಇಳಿಸುವಂತಿಲ್ಲ. ಮರುದಿನದ ಪಟ್ಟಿಯಿಂದ ಅವನ ಹೆಸರು ತೆಗೆಯಿರಿ, ಜನ ಎಷ್ಟೇ ಕೂಗಿದರೂ.